ಕಾರಿನ ಚೆಲುವು: ಕತ್ತರಿ ಎಲ್ಲಿಯವರೆಗೆ, ಕಾನೂನು ಎಲ್ಲಿಂದ?

ಬೆಳಗಾವಿ: ನಗರದ ಮೂರನೇ ರೈಲ್ವೆ ಗೇಟ್ ದಾಟಿ ಉದ್ಯಮಬಾಗ, ಪೀರನವಾಡಿ, ಮಚ್ಛೆ ಮಾರ್ಗವಾಗಿ ಖಾನಾಪುರದತ್ತ ಸಾಗುವ ರಸ್ತೆಯಲ್ಲಿ ಅಲಂಕೃತ ವಾಹನಗಳಿಗೆ ಕೊರತೆಯಿಲ್ಲ. ದಪ್ಪ ಟೈರು ತೊಟ್ಟ ಜೀಪು, ಸಾಲುಸಾಲು ದೀಪ ಹೊತ್ತ ಕ್ರೂಸರ್, ಧ್ವನಿವರ್ಧಕ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್, ಗಾಜಿನ ಮೇಲೆ ದೇವರ ಹೆಸರು ಬರೆಸಿಕೊಂಡ ಗೂಡ್ಸ್ ಗಾಡಿ ಎಲ್ಲವೂ ಇಲ್ಲಿವೆ. ಕಂಪನಿ ಕೊಟ್ಟ ವಾಹನಕ್ಕೆ ತನ್ನದೇ ಮುದ್ರೆ ಒತ್ತಬೇಕೆಂಬ ಬಯಕೆ ಮೋಟಾರು ಯುಗದಷ್ಟೇ ಹಳೆಯದು.

ಆದರೆ ಈ ಬಯಕೆಯನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದವರು 1930ರಿಂದ 1950ರ ದಶಕದವರೆಗಿನ ಅಮೆರಿಕದ ಕ್ಯಾಲಿಫೋರ್ನಿಯಾದ ಗ್ಯಾರೇಜುಗಳ ಕುಶಲಕರ್ಮಿಗಳು. ಅವರು ರೂಪಿಸಿದ ವಾಹನಗಳನ್ನು ಇಂದು ‘ಸಾಂಪ್ರದಾಯಿಕ ಕಸ್ಟಮ್ ಕಾರು’ಗಳೆಂದು ಕರೆಯಲಾಗುತ್ತದೆ. ನಮ್ಮ ರಸ್ತೆಗಳ ಅಲಂಕಾರಕ್ಕೂ ಅವರ ಅಲಂಕಾರಕ್ಕೂ ಮೂಲಭೂತ ವ್ಯತ್ಯಾಸವೊಂದಿದೆ. ನಮ್ಮಲ್ಲಿ ಅಲಂಕಾರವೆಂದರೆ ಸೇರಿಸುವುದು. ಅವರಲ್ಲಿ ಅಲಂಕಾರವೆಂದರೆ ತೆಗೆಯುವುದು. ಆ ಶೈಲಿಯ ಅಂಶಗಳಾವುವು, ಅವುಗಳ ಹಿಂದಿನ ತರ್ಕವೇನು, ಹಾಗೂ ಇಂದು ಕೆಎ–22 ನೋಂದಣಿಯ ವಾಹನವೊಂದರ ಮೇಲೆ ಅವನ್ನು ಪ್ರಯೋಗಿಸಿದರೆ ಮಾಲೀಕ ಏನನ್ನು ಎದುರಿಸಬೇಕಾಗುತ್ತದೆ ಎಂಬುದನ್ನು ಅರಿಯುವುದು ಉಪಯುಕ್ತ.

ಸಾರೋಟಿನಿಂದ ಆರಂಭ

ಮೋಟಾರು ವಾಹನದ ಆರಂಭದ ದಿನಗಳಲ್ಲಿ ಸಿರಿವಂತರು ಕಾರನ್ನು ಇಡಿಯಾಗಿ ಕೊಳ್ಳುತ್ತಿರಲಿಲ್ಲ. ಎಂಜಿನ್ ಮತ್ತು ಚಾಸಿಯನ್ನು ಒಂದು ಕಂಪನಿಯಿಂದ ತರಿಸಿಕೊಂಡು, ಮೇಲಿನ ದೇಹವನ್ನು ಸಾರೋಟು ತಯಾರಕರಿಂದ ಕಟ್ಟಿಸಿಕೊಳ್ಳುವುದು ರೂಢಿಯಾಗಿತ್ತು. ಭಾರತದಲ್ಲಿಯೂ ಈ ಪರಂಪರೆ ಇತ್ತು. 1840ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಸಿಂಪ್ಸನ್ ಸಂಸ್ಥೆ ಸಾರೋಟು ತಯಾರಿಕೆಯಿಂದ ಮೋಟಾರು ವಾಹನದ ದೇಹ ಕಟ್ಟುವ ಕಾಯಕಕ್ಕೆ ಬಂದಿತು. ಅಲ್ಲಿನ ಸ್ಯಾಮ್ಯುಯೆಲ್ ಜಾನ್ ಗ್ರೀನ್ 1903ರಲ್ಲಿ ಉಗಿಯಿಂದ ಚಲಿಸುವ ಕಾರನ್ನೂ ನಿರ್ಮಿಸಿದ್ದರು.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಕಂಡವರಿಗೆ ಆ ಕಾಲದ ರೂಪದ ಪರಿಚಯವಿರುತ್ತದೆ. ಎದ್ದು ನಿಂತ ರೇಡಿಯೇಟರ್, ಹೊರಗೆ ಚಾಚಿದ ದೀಪಗಳು, ಬಿಡಿಬಿಡಿಯಾದ ಮಡ್‌ಗಾರ್ಡ್‌ಗಳು, ಕಾಲಿಟ್ಟು ಹತ್ತಲು ಹಲಗೆ: ಪ್ರತಿಯೊಂದು ಅಂಗವೂ ಪ್ರತ್ಯೇಕವಾಗಿ ಕಾಣುವ ವಾಹನವದು.

1927ರಲ್ಲಿ ಜನರಲ್ ಮೋಟರ್ಸ್ ಕಂಪನಿಯು ಹಾರ್ಲಿ ಅರ್ಲ್ ಎಂಬ ವಿನ್ಯಾಸಕಾರನ ನೇತೃತ್ವದಲ್ಲಿ ರೂಪವಿನ್ಯಾಸಕ್ಕೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಈತ ಕೂಡ ಹಾಲಿವುಡ್‌ನಲ್ಲಿ ಸಿರಿವಂತರಿಗೆ ಕಾರಿನ ದೇಹ ಕಟ್ಟಿಕೊಡುತ್ತಿದ್ದ ಮನೆತನದವನೇ. ಅಲ್ಲಿಂದ ಮುಂದೆ ಕಾರುಗಳು ವರ್ಷದಿಂದ ವರ್ಷಕ್ಕೆ ತಗ್ಗಾಗಿ, ಉದ್ದವಾಗಿ, ನುಣುಪಾಗಿ ಕಾಣತೊಡಗಿದವು. ಹೊಸ ಮಾದರಿ ಕೊಳ್ಳಲು ಹಣವಿಲ್ಲದ ಯುವಕರು ಹಳೆಯ ಫೋರ್ಡ್, ಷೆವ್ರೊಲೆ ಕಾರುಗಳನ್ನು ಅಗ್ಗಕ್ಕೆ ಕೊಂಡು, ದುಬಾರಿ ಕಾರಿನಂತೆ ಕಾಣುವಂತೆ ತಾವೇ ತಿದ್ದತೊಡಗಿದರು. ಕಸ್ಟಮ್ ಕಾರಿನ ಹುಟ್ಟು ಇದೇ. ವೇಗಕ್ಕಾಗಿ ತಿದ್ದಿದ ಕಾರನ್ನು ‘ಹಾಟ್ ರಾಡ್’ ಎಂದರೆ, ಚೆಲುವಿಗಾಗಿ ತಿದ್ದಿದ್ದನ್ನು ‘ಕಸ್ಟಮ್’ ಎಂದರು.

ತೆಗೆದು ನುಣುಪಾಗಿಸುವ ಕಲೆ

ಮೊದಲ ಹೆಜ್ಜೆ ತೀರ ಸರಳ. ಬಾನೆಟ್ಟಿನ ತುದಿಯ ಲಾಂಛನ, ಅಲಂಕಾರ ಪಟ್ಟಿಗಳನ್ನು ಕಿತ್ತು ಅವುಗಳ ತೂತುಗಳನ್ನು ಮುಚ್ಚಿ ನುಣುಪಾಗಿಸುವುದಕ್ಕೆ ‘ನೋಸಿಂಗ್’ ಎಂದು ಹೆಸರು. ಹಿಂದಿನ ಡಿಕ್ಕಿಯ ಹಿಡಿಕೆ, ಲಾಂಛನಗಳಿಗೆ ಇದನ್ನೇ ಮಾಡಿದರೆ ‘ಡೆಕಿಂಗ್’. ಬಾಗಿಲಿನ ಹಿಡಿಕೆಗಳನ್ನೂ ತೆಗೆದುಹಾಕಿ, ಅಡಗಿಸಿಟ್ಟ ಗುಂಡಿಯೊಂದನ್ನು ಒತ್ತಿದರೆ ವಿದ್ಯುತ್ ಸೊಲೆನಾಯ್ಡ್ ಮೂಲಕ ಬಾಗಿಲು ತೆರೆಯುವ ವ್ಯವಸ್ಥೆಯೂ ಬಂದಿತು. ಕಣ್ಣು ಎಲ್ಲಿಯೂ ತಡೆಯದೆ ಮುಂದಿನಿಂದ ಹಿಂದಿನವರೆಗೆ ಜಾರಿಹೋಗಬೇಕು ಎಂಬುದು ಇವೆಲ್ಲದರ ಹಿಂದಿನ ಒಂದೇ ಸೂತ್ರ.

ದೀಪಗಳಿಗೂ ಇದೇ ನ್ಯಾಯ. ಹೆಡ್‌ಲೈಟಿನ ಸುತ್ತಲಿನ ಲೋಹದ ಬಳೆಯನ್ನು ಮಡ್‌ಗಾರ್ಡಿಗೇ ಬೆಸೆದು, ಸಂದು ಕಾಣದಂತೆ ತುಂಬಿ, ದೀಪ ತುಸು ಒಳಗೆ ಕುಳಿತಂತೆ ಮಾಡುವುದನ್ನು ‘ಫ್ರೆಂಚಿಂಗ್’ ಎನ್ನುತ್ತಾರೆ. ಮುಂಭಾಗದ ಗ್ರಿಲ್ಲನ್ನು ಬೇರೆ ಕಾರಿನಿಂದ ತಂದು ಕೂಡಿಸುವುದೂ ಸಾಮಾನ್ಯವಾಗಿತ್ತು. ಸ್ಯಾಕ್ರಮೆಂಟೊ ನಗರದ ಹ್ಯಾರಿ ವೆಸ್ಟರ್‌ಗಾರ್ಡ್ ಸಾಮಾನ್ಯ ಕಾರುಗಳಿಗೆ ಪ್ಯಾಕಾರ್ಡ್‌ನಂತಹ ದುಬಾರಿ ಕಾರಿನ ಗ್ರಿಲ್ ಕೂಡಿಸುವ ಕೈಚಳಕಕ್ಕೆ ಹೆಸರಾಗಿದ್ದರು. ಒಬ್ಬರ ಮೂಗು ಇನ್ನೊಬ್ಬರ ಮುಖಕ್ಕೆ ಒಪ್ಪುವಂತೆ ಕೂಡಿಸುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟದ ಕೆಲಸ.

ಈ ಸಂದುಗಳನ್ನೆಲ್ಲ ತುಂಬಲು ಅಂದು ಇಂದಿನ ಪುಟ್ಟಿ ಇರಲಿಲ್ಲ. ಸೀಸ ಮತ್ತು ತವರದ ಮಿಶ್ರಲೋಹವನ್ನು ಬೆಂಕಿಯ ಜ್ವಾಲೆಯಲ್ಲಿ ಮೆದುಗೊಳಿಸಿ, ಮರದ ಪಟ್ಟಿಯಿಂದ ತಗಡಿನ ಮೇಲೆ ಹರಡಿ, ಆರಿದ ಮೇಲೆ ಅರದಿಂದ ಉಜ್ಜಿ ಸಮಮಾಡಲಾಗುತ್ತಿತ್ತು. ಹೀಗೆ ಸೀಸ ಮೆತ್ತಿಸಿಕೊಂಡ ಭಾರಿ ಕಾರುಗಳಿಗೆ ‘ಲೆಡ್ ಸ್ಲೆಡ್’, ಅಂದರೆ ಸೀಸದ ಜಾರುಬಂಡಿ ಎಂಬ ಅಡ್ಡಹೆಸರು ಅಂಟಿಕೊಂಡಿತು. ಸೀಸದ ಹೊಗೆ ಹಾಗೂ ಪುಡಿ ಉಸಿರಿನೊಂದಿಗೆ ದೇಹ ಸೇರಿ ನರಮಂಡಲಕ್ಕೆ ಹಾನಿ ಮಾಡುತ್ತದೆ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ತಲೆ ಕತ್ತರಿಸಿ, ನೆಲಕ್ಕಿಳಿಸಿ

ಈ ಶೈಲಿಯ ಅತ್ಯಂತ ಧೈರ್ಯದ ಅಂಶವೆಂದರೆ ‘ಚಾಪಿಂಗ್’. ಚಾವಣಿಯನ್ನು ಹೊತ್ತ ಕಂಬಗಳನ್ನು ಕೆಲವು ಅಂಗುಲ ಕತ್ತರಿಸಿ, ಚಾವಣಿಯನ್ನು ಅಷ್ಟು ಕೆಳಗಿಳಿಸಿ ಮತ್ತೆ ಬೆಸೆಯುವ ಕೆಲಸವಿದು. ಮೇಲ್ನೋಟಕ್ಕೆ ಸುಲಭವೆನಿಸಿದರೂ ಕಂಬಗಳು ಓರೆಯಾಗಿರುವುದರಿಂದ, ಕತ್ತರಿಸಿದ ಮೇಲೆ ಮೇಲಿನ ತುದಿ ಕೆಳಗಿನ ತುದಿಗೆ ಕೂಡುವುದಿಲ್ಲ. ಚಾವಣಿಯನ್ನೇ ಸೀಳಿ ಹಿಗ್ಗಿಸಬೇಕು, ಇಲ್ಲವೇ ಕಂಬಗಳನ್ನು ಬಾಗಿಸಬೇಕು. ಗಾಜುಗಳನ್ನೂ ಅದೇ ಅಳತೆಗೆ ಕತ್ತರಿಸಬೇಕು. ಅಂದಿನ ಮುಂಗಾಜು ಸಾಮಾನ್ಯವಾಗಿ ಸಪಾಟಾಗಿರುತ್ತಿದ್ದ ಕಾರಣ ಅದು ಸಾಧ್ಯವಾಗುತ್ತಿತ್ತು.

ತೆರೆದ ಕಾರುಗಳಿಗೆ ಮತ್ತೊಂದು ಉಪಾಯವಿತ್ತು. ಲಾಸ್ ಏಂಜಲೀಸ್‌ನ ಕಾರ್ಸನ್ ಟಾಪ್ ಶಾಪ್ 1930ರ ದಶಕದಲ್ಲಿ ಮೆತ್ತೆ ತುಂಬಿದ, ಮಡಚಲಾಗದ, ಆದರೆ ಇಡಿಯಾಗಿ ಎತ್ತಿ ತೆಗೆಯಬಹುದಾದ ಚಾವಣಿಯನ್ನು ರೂಪಿಸಿತು. ಜಾರ್ಜ್ ಡುವಾಲ್ ರೂಪಿಸಿದ, ನಡುವೆ ಮೂಲೆ ಮಾಡಿ ಹಿಂದಕ್ಕೆ ಓರೆಯಾದ ಮುಂಗಾಜಿನ ಚೌಕಟ್ಟು ಅದರ ಜೊತೆಗೆ ಬಹುಬೇಡಿಕೆ ಪಡೆಯಿತು.

ದೇಹವನ್ನು ಕೆಳಗಿಳಿಸಲು ಎರಡು ಮಾರ್ಗಗಳಿದ್ದವು. ನೆಲಹಾಸನ್ನು ಕತ್ತರಿಸಿ ಇಡೀ ದೇಹವನ್ನು ಚಾಸಿಯ ಮೇಲಿನಿಂದ ಅದರ ಇಕ್ಕೆಲಗಳಿಗೆ ಇಳಿಸುವುದು ‘ಚಾನೆಲಿಂಗ್’. ದೇಹದ ನಡುವಿನಿಂದ ಅಡ್ಡಪಟ್ಟಿಯೊಂದನ್ನೇ ಕತ್ತರಿಸಿ ತೆಗೆದು ಮೇಲಿನರ್ಧ, ಕೆಳಗಿನರ್ಧಗಳನ್ನು ಕೂಡಿಸುವುದು ‘ಸೆಕ್ಷನಿಂಗ್’. 1948ರಲ್ಲಿ ಬರ್ಬ್ಯಾಂಕ್‌ನಲ್ಲಿ ನೀಲ್ ಎಮೊರಿ ಮತ್ತು ಕ್ಲೇ ಜೆನ್‌ಸೆನ್ ಆರಂಭಿಸಿದ ವ್ಯಾಲಿ ಕಸ್ಟಮ್ ಗ್ಯಾರೇಜು ಈ ಎರಡನೆಯದರಲ್ಲಿ ಪಳಗಿತ್ತು. ಅಷ್ಟು ದೂರ ಹೋಗಲಾಗದವರು ಪಟ್ಟಿ ಸ್ಪ್ರಿಂಗಿನ ಎಲೆಗಳನ್ನು ತೆಗೆದು ಅಥವಾ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ಹಿಂಭಾಗವನ್ನು ತಗ್ಗಿಸುತ್ತಿದ್ದರು. ಹಿಂಗಾಲಿಗಳ ಮೇಲೆ ತಗಡಿನ ಮರೆ ಕಟ್ಟಿದರೆ ಕಾರು ನೆಲಕ್ಕೆ ಅಂಟಿ ತೇಲಿದಂತೆ ಕಾಣುತ್ತಿತ್ತು.

ಇಷ್ಟೆಲ್ಲ ತೆಗೆದ ಮೇಲೆ ಸೇರಿಸುತ್ತಿದ್ದದ್ದು ಕೆಲವನ್ನೇ: ಹೊಳೆಯುವ ವೀಲ್ ಕ್ಯಾಪ್, ಮುಂಗಾಜಿನ ಇಕ್ಕೆಲಗಳಲ್ಲಿ ಎರಡು ಸ್ಪಾಟ್‌ಲೈಟ್, ಬಾಗಿಲಿನ ಕೆಳಗೆ ಉದ್ದಕ್ಕೆ ಹಾಯ್ದ ಸೈಲೆನ್ಸರ್ ಕೊಳವೆ ಮತ್ತು ಬಣ್ಣ. ಬಣ್ಣಕ್ಕೆ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಬಳಕೆಯಾಗುತ್ತಿತ್ತು. 1920ರ ದಶಕದಲ್ಲಿ ಡ್ಯೂಪಾಂಟ್ ಕಂಪನಿ ತಂದ ಇಂತಹ ಲ್ಯಾಕರಿನ ಹೆಸರೇ ‘ಡ್ಯೂಕೋ’. ನಮ್ಮ ಪೇಂಟರುಗಳ ಬಾಯಲ್ಲಿ ಇಂದಿಗೂ ಉಳಿದಿರುವ ಪದವದು. ಬೆಳ್ಳಿ ಅಥವಾ ಬಂಗಾರದ ಹೊಳಪಿನ ತಳಬಣ್ಣದ ಮೇಲೆ ಪಾರದರ್ಶಕ ಬಣ್ಣ ಹಚ್ಚಿ ಒಳಗಿನಿಂದ ಬೆಳಕು ಬಂದಂತೆ ಕಾಣಿಸುವ ‘ಕ್ಯಾಂಡಿ’ ವಿಧಾನ 1950ರ ದಶಕದ ಕೊಡುಗೆ. ಅದರ ಕೀರ್ತಿ ಜೋ ಬೇಲನ್ ಎಂಬ ಕುಶಲಕರ್ಮಿಗೆ ಸಲ್ಲುತ್ತದೆ.

ಈ ಅಂಶಗಳಲ್ಲಿ ಹಲವು ಒಂದೆಡೆ ಕೂಡಿದ ವಾಹನವೆಂದರೆ ‘ಹಿರೊಹಾಟಾ ಮರ್ಕ್’. ಬಾಬ್ ಹಿರೊಹಾಟಾ ಎಂಬ ಜಪಾನಿ ಮೂಲದ ಯುವಕನ 1951ರ ಮರ್ಕ್ಯುರಿ ಕಾರನ್ನು 1952ರಲ್ಲಿ ಸ್ಯಾಮ್ ಹಾಗೂ ಜಾರ್ಜ್ ಬ್ಯಾರಿಸ್ ಸಹೋದರರು ಮರುರೂಪಿಸಿದರು. ಚಾವಣಿ ತಗ್ಗಿಸಿ, ನಡುಗಂಬ ತೆಗೆದು, ಎರಡು ಬಗೆಯ ಹಸಿರು ಬಳಿದ ಈ ಕಾರು 2022ರ ಜನವರಿಯಲ್ಲಿ ಅಮೆರಿಕದ ಹರಾಜಿನಲ್ಲಿ 21 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು.

ಅಂಬಾಸಿಡರ್‌ಗೆ ಇದು ಏಕೆ ಒಗ್ಗದು?

ಭಾರತದಲ್ಲಿ ಕಥೆ ಬೇರೆಯೇ ದಾರಿ ಹಿಡಿಯಿತು. ಸ್ವಾತಂತ್ರ್ಯಾನಂತರ ಆಮದು ನಿರ್ಬಂಧಗಳಿಂದಾಗಿ ದಶಕಗಳ ಕಾಲ ಸಾಮಾನ್ಯ ಕುಟುಂಬದ ಮುಂದಿದ್ದ ಆಯ್ಕೆಗಳು ಬೆರಳೆಣಿಕೆಯಷ್ಟು: ಮಾರಿಸ್ ಆಕ್ಸ್‌ಫರ್ಡ್ ಆಧಾರಿತ ಅಂಬಾಸಿಡರ್, ಫಿಯೆಟ್ 1100 ಆಧಾರಿತ ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹಾಗೂ ಮಹೀಂದ್ರ ಜೀಪು. ಎಲ್ಲರ ಮನೆಯ ಮುಂದೂ ಒಂದೇ ಕಾರು ನಿಂತಿರುವಾಗ ತನ್ನದನ್ನು ಗುರುತಿಸಲು ಮಾಲೀಕ ಆಶ್ರಯಿಸಿದ್ದು ಸೇರ್ಪಡೆಯನ್ನೇ. ಮುಂಗಾಜಿನ ಮೇಲೆ ಬಿಸಿಲುಮರೆ, ಹಿಂದೆ ಪರದೆ, ಹಳದಿ ಮಂಜುದೀಪ, ಬಾನೆಟ್ಟಿನ ಮೇಲೆ ಬಾವುಟದ ಕೋಲು, ಬಗೆಬಗೆಯ ಹಾರ್ನ್.

ಕತ್ತರಿ ಆಡಿಸದಿರಲು ಹಣವಷ್ಟೇ ಕಾರಣವಲ್ಲ, ರಚನೆಯೂ ಕಾರಣ. 1936ರ ಫೋರ್ಡ್ ಅಥವಾ 1951ರ ಮರ್ಕ್ಯುರಿಯಲ್ಲಿ ಕೆಳಗಿನ ಉಕ್ಕಿನ ಚಾಸಿಯೇ ಭಾರ ಹೊರುತ್ತದೆ; ಮೇಲಿನ ದೇಹ ಅದಕ್ಕೆ ಬಿಗಿದ ಹೊದಿಕೆ. ಹೊದಿಕೆಯನ್ನು ಕತ್ತರಿಸಿದರೂ ಬೆನ್ನೆಲುಬು ಉಳಿಯುತ್ತದೆ. ಅಂಬಾಸಿಡರ್, ಪದ್ಮಿನಿಗಳಲ್ಲಿ ಹಾಗಿಲ್ಲ. ಇಲ್ಲಿ ದೇಹ ಮತ್ತು ಚೌಕಟ್ಟು ಒಂದೇ. ಚಾವಣಿ, ಕಂಬ, ಬಾಗಿಲಿನ ಕೆಳಗಿನ ಹೊಸ್ತಿಲು ಎಲ್ಲವೂ ಸೇರಿ ಭಾರ ಹೊರುತ್ತವೆ. ಇಂದಿನ ಕಾರುಗಳಲ್ಲಂತೂ ಅಪಘಾತದಲ್ಲಿ ಎಲ್ಲಿ ಮಡಚಬೇಕು, ಎಲ್ಲಿ ಮಡಚಬಾರದು ಎಂಬುದನ್ನು ಲೆಕ್ಕಹಾಕಿ ಉಕ್ಕನ್ನು ಆರಿಸಲಾಗಿರುತ್ತದೆ. ಗ್ಯಾಸ್ ಕಟರಿನ ಒಂದು ಗೆರೆ ಆ ಲೆಕ್ಕವನ್ನೆಲ್ಲ ಅಳಿಸಿಬಿಡುತ್ತದೆ. ಹೊರಹಿಡಿಕೆ ಇಲ್ಲದ ಬಾಗಿಲೂ ಅಪಾಯಕಾರಿಯೇ. ಅಪಘಾತದಲ್ಲಿ ಬ್ಯಾಟರಿ ಸಂಪರ್ಕ ಕಡಿದರೆ ನೆರವಿಗೆ ಬಂದವರು ಅದನ್ನು ತೆರೆಯುವುದು ಹೇಗೆ?

ಜೀಪು ಮಾತ್ರ ಇದಕ್ಕೆ ಹೊರತು. ಏಣಿಯಂತಹ ಚಾಸಿಯ ಮೇಲೆ ಬಿಗಿದ ಸರಳ ತಗಡಿನ ದೇಹ ಅದರದು. ದೇಶದಲ್ಲಿ ಕತ್ತರಿಸಿ, ಹಿಗ್ಗಿಸಿ, ಮರುರೂಪಿಸುವ ಕಸುಬು ಬೇರೂರಿದ್ದು ಬಹುಮಟ್ಟಿಗೆ ಜೀಪಿನ ಸುತ್ತಲೇ. ಹರಿಯಾಣದ ಮಂಡಿ ಡಬ್ವಾಲಿ ಪಟ್ಟಣ ಈ ಕಾಯಕಕ್ಕೆ ದೇಶದಾದ್ಯಂತ ಹೆಸರಾಗಿದೆ.

ಬೆಳಗಾವಿಗೆ ಕೈಗುಣದ ಕೊರತೆಯಿಲ್ಲ. ಉದ್ಯಮಬಾಗ, ಮಚ್ಛೆಗಳ ಫೌಂಡ್ರಿಗಳು ಮತ್ತು ಯಂತ್ರಾಗಾರಗಳು ವಾಹನೋದ್ಯಮಕ್ಕೆ ಬಿಡಿಭಾಗ ಒದಗಿಸುತ್ತವೆ. ಆದರೆ ಖಾನಾಪುರ ತಾಲೂಕಿನ ಹವಾಮಾನ ಮತ್ತು ದಾರಿಗಳು ಕ್ಯಾಲಿಫೋರ್ನಿಯಾದವಲ್ಲ. ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಟ್ಟಕ್ಕೆ ಹೋಗುವ ದಾರಿಯಲ್ಲಿ ಮಳೆಗಾಲವಿಡೀ ಸಹ್ಯಾದ್ರಿಯ ಮಳೆ ಸುರಿಯುತ್ತದೆ. ಕತ್ತರಿಸಿ ಬೆಸೆದ ಪ್ರತಿ ಸಂದೂ ನೀರು ನಿಲ್ಲುವ ತಾಣ. ಪುಟ್ಟಿಯನ್ನು ದಪ್ಪವಾಗಿ ಮೆತ್ತಿ ಮುಚ್ಚಿದ್ದರೆ ತುಕ್ಕು ಒಳಗೊಳಗೇ ಹರಡಿ, ಒಂದು ದಿನ ಬಣ್ಣ ಹೊಪ್ಪಳೆಯಾಗಿ ಏಳುತ್ತದೆ. ನೆಲಕ್ಕೆ ತಗ್ಗಿಸಿದ ಕಾರಿನ ಎಂಜಿನ್ ತಳ ಮೊದಲ ರಸ್ತೆ ಉಬ್ಬಿಗೇ ತಾಗುವುದೂ ಖಚಿತ.

ಕಾನೂನಿನ ಗೆರೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವಂತಹ ರಚನೆಯ ಬದಲಾವಣೆ ಎಂದು ಕಾಯ್ದೆಯೇ ವಿವರಿಸುತ್ತದೆ.

ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠವು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರ್ಪಡೆಯಾದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡು ಮಾಡುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ‘ಪ್ರತಿ ಮಾರ್ಪಾಡಿಗೆ’ ಎಂಬ ಮಾತು ಇಲ್ಲಿ ಗಮನಾರ್ಹ. ಇದು ಕೇಂದ್ರ ಕಾಯ್ದೆಯಾದ್ದರಿಂದ ಗಡಿ ದಾಟಿ ಗೋವಾ, ಕೊಲ್ಹಾಪುರಕ್ಕೆ ಹೋದರೂ ನಿಯಮ ಬದಲಾಗದು.

ಈ ಅಳತೆಗೋಲಿನಲ್ಲಿ ನೋಡಿದರೆ ಚಾಪಿಂಗ್, ಚಾನೆಲಿಂಗ್, ಸೆಕ್ಷನಿಂಗ್ ಮೂರೂ ಗೆರೆಯ ಆಚೆಗೇ ಉಳಿಯುತ್ತವೆ. ಸ್ಪಾಟ್‌ಲೈಟಿಗೂ ತಡೆಯಿದೆ, ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಪಡೆದ ವಿಶೇಷ ಸಂದರ್ಭಗಳ ಹೊರತು ವಾಹನದ ಮುಂಭಾಗದಲ್ಲಿ ಅದನ್ನು ಅಳವಡಿಸುವುದನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮ ನಿಷೇಧಿಸುತ್ತದೆ. ಶಬ್ದ ಮಾಲಿನ್ಯ ಮಾಡುವ ಸೈಲೆನ್ಸರಿಗೆ 190ನೇ ಕಲಂ ಅಡಿ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಮುಂದಿನ ಹಾಗೂ ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ 70, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ 50ರಷ್ಟು ಬೆಳಕು ಹಾಯಲೇಬೇಕು. ಬಂಪರ್ ಮುಂದೆ ಹೆಚ್ಚುವರಿ ಉಕ್ಕಿನ ಕಾವಲು ಕಟ್ಟುವುದರ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಸೂಚನೆ ನೀಡಿದೆ.

ಸೇನಾ ನೆಲೆಯಿರುವ ಬೆಳಗಾವಿಯಲ್ಲಿ ಜೀಪುಪ್ರಿಯರು ವಿಶೇಷವಾಗಿ ನೆನಪಿಡಬೇಕಾದ ಮತ್ತೊಂದು ನಿಯಮವಿದೆ. ರಕ್ಷಣಾ ಇಲಾಖೆಯ ವಾಹನಗಳ ಹೊರತು ಬೇರಾವುದಕ್ಕೂ ಸೇನೆಯ ಆಲಿವ್ ಹಸಿರು ಬಣ್ಣ ಬಳಿಯುವಂತಿಲ್ಲ ಎಂದು 121ನೇ ನಿಯಮ ಹೇಳುತ್ತದೆ.

ದಂಡಕ್ಕಿಂತ ದೊಡ್ಡ ನಷ್ಟ

ದಂಡ ಕಟ್ಟಿದರೆ ಮುಗಿಯಿತೆಂದು ಭಾವಿಸುವವರು ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ವಿಮೆ. ಪಾಲಿಸಿ ನೀಡಿರುವುದು ನೋಂದಣಿ ಪತ್ರದಲ್ಲಿರುವ ವಾಹನಕ್ಕೆ. ತಿಳಿಸದೆ ಮಾಡಿದ ಮಾರ್ಪಾಡು ಬೆಳಕಿಗೆ ಬಂದರೆ ಸ್ವಂತ ವಾಹನದ ಹಾನಿಗೆ ಕೇಳಿದ ಪರಿಹಾರಕ್ಕೆ ಕಂಪನಿ ತಕರಾರು ತೆಗೆಯಬಹುದು.

ಎರಡನೆಯದು ನೋಂದಣಿ ನವೀಕರಣ. ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ; ಆ ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ಆರ್‌ಟಿಒ ಕಚೇರಿಯಲ್ಲಿ ವಾಹನವನ್ನು ಪರಿಶೀಲಿಸಲಾಗುತ್ತದೆ.

ಮೂರನೆಯದು ಅನೇಕರಿಗೆ ತಿಳಿಯದ ಸಂಗತಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ಇದಕ್ಕೆ ಅರ್ಹ. ನಿಯಮದಂತೆ ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಪ್ರದರ್ಶನ, ರ‍್ಯಾಲಿ, ಇಂಧನ ಭರ್ತಿ, ದುರಸ್ತಿಗಳಿಗಷ್ಟೇ ಅದನ್ನು ರಸ್ತೆಗಿಳಿಸಬಹುದು. ಆದರೆ ಷರತ್ತೊಂದಿದೆ: ಚಾಸಿ, ದೇಹ ಹಾಗೂ ಎಂಜಿನ್ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರಬೇಕು.

ಅಜ್ಜನ ಕಾಲದ ಪದ್ಮಿನಿಯೋ ಜೀಪೋ ಹಿತ್ತಲಲ್ಲಿ ನಿಂತಿರುವ ಮನೆಗಳು ಇದನ್ನು ಅರಿಯಲೇಬೇಕು. ಹುಮ್ಮಸ್ಸಿನಿಂದ ಚಾವಣಿ ಕತ್ತರಿಸಿದ ದಿನವೇ ಆ ವಾಹನ ತನ್ನ ಪರಂಪರೆಯ ಮಾನ್ಯತೆಗೂ ಎರವಾಗಬಹುದು. ಕತ್ತರಿಸಿದ್ದನ್ನು ಮತ್ತೆ ಕೂಡಿಸಬಹುದು, ಮೂಲವಾಗಿಸಲು ಬಾರದು.

ಉಳಿದಿರುವ ಅವಕಾಶ

ಹಾಗಾದರೆ ಹಳೆಯ ಕುಶಲಕರ್ಮಿಗಳಿಂದ ಕಲಿಯುವುದಕ್ಕೆ ಏನೂ ಉಳಿದಿಲ್ಲವೇ? ಸಾಕಷ್ಟಿದೆ. ರಚನೆಯನ್ನು ಮುಟ್ಟದ ಮೇಲ್ಮೈ ಕೆಲಸಕ್ಕೆ ಕಾನೂನಿನ ಅಡ್ಡಿ ಕಡಿಮೆ. ಲಾಂಛನ, ಅಲಂಕಾರ ಪಟ್ಟಿಗಳನ್ನು ತೆಗೆದು ತೂತು ಮುಚ್ಚಿ ನುಣುಪಾಗಿಸುವುದು, ವೀಲ್ ಕ್ಯಾಪ್ ಬದಲಿಸುವುದು, ಒಳಗಿನ ಆಸನದ ಹೊದಿಕೆಯನ್ನು ಹೊಸದಾಗಿ ಹೊಲಿಸುವುದು ವಾಹನದ ಮೂಲ ಲಕ್ಷಣವನ್ನು ಬದಲಿಸವು. ಬಣ್ಣವನ್ನೂ ಬದಲಿಸಬಹುದು, ಆದರೆ ಬಣ್ಣವು ನೋಂದಣಿ ಪತ್ರದಲ್ಲಿ ನಮೂದಾಗಿರುವುದರಿಂದ ಆರ್‌ಟಿಒಗೆ ಅರ್ಜಿ ಸಲ್ಲಿಸಿ ಹೊಸ ಬಣ್ಣವನ್ನು ದಾಖಲಿಸಿಕೊಳ್ಳಬೇಕು. ಸಿಎನ್‌ಜಿ ಅಥವಾ ವಿದ್ಯುತ್ ಚಾಲನೆಗೆ ಪರಿವರ್ತಿಸಲು, ಅಂಗವಿಕಲರ ಅನುಕೂಲಕ್ಕೆ ವಾಹನವನ್ನು ಹೊಂದಿಸಲು ನಿಯಮಬದ್ಧ ಮಾರ್ಗವಿದೆ. ಸಾಲವಿರುವ ವಾಹನವಾದರೆ ಮಾರ್ಪಾಡಿಗೆ ಸಾಲ ನೀಡಿದವರ ಲಿಖಿತ ಒಪ್ಪಿಗೆ ಬೇಕು.

ಗ್ಯಾರೇಜಿಗೆ ಹೋಗುವ ಮುನ್ನ ಆರ್‌ಸಿ ತೆರೆದು ಅಲ್ಲಿ ನಮೂದಾಗಿರುವುದನ್ನು ಓದಿಕೊಳ್ಳುವುದು ಕ್ಷೇಮ. ಅಲ್ಲಿನ ಯಾವುದೇ ವಿವರ ಬದಲಾಗುವುದಾದರೆ ಮೊದಲು ಅನುಮತಿ, ನಂತರ ಕೆಲಸ. ಮುಂಗಡ ಕೊಡುವಾಗ ಕೆಲಸದ ವಿವರವುಳ್ಳ ರಸೀದಿ ಪಡೆಯುವುದು, ಟಿಂಕರಿಂಗ್ ಮುಗಿದು ಪುಟ್ಟಿ ಹಚ್ಚುವ ಮೊದಲು ಬರಿಯ ತಗಡನ್ನು ಕಣ್ಣಾರೆ ನೋಡುವುದು ಜಾಣತನ. ಪುಟ್ಟಿಯ ಕೆಳಗೆ ಏನಿದೆ ಎಂಬುದನ್ನು ಅನಂತರ ತಿಳಿಸುವುದು ಖಾನಾಪುರದ ಮಳೆ ಮಾತ್ರ.